ಹೊಕ್ಕುಳಬಳ್ಳಿ ರಕ್ತ ಕೂಡಿಡಬೇಕೆ? ಮೊದಲು ಇಬ್ಬರೂ ಎಚ್‌ಬಿ ಎ2 ಪರೀಕ್ಷೆ ಮಾಡಿಸಿ

ಪ್ರಶ್ನೆ: ನನಗೆ ಈಗ 30 ವಾರ, ಚೊಚ್ಚಲ ಬಸಿರು. ಊರು ದಾವಣಗೆರೆ. ಸ್ಕ್ಯಾನಿಂಗ್‌ಗೆ ಹೋದಾಗ ಸ್ಟೆಮ್ ಸೆಲ್ ಬ್ಯಾಂಕಿನವರೊಬ್ಬರು ಸಿಕ್ಕಿದ್ದರು. ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು 75 ವರ್ಷ ಕಾಪಾಡುತ್ತೇವೆ, ಮಗುವಿಗಷ್ಟೇ ಅಲ್ಲ, ಅಜ್ಜ-ಅಜ್ಜಿಗೂ 80 ಕಾಯಿಲೆಗಳಿಂದ ರಕ್ಷಣೆ ಎಂದರು. 68,000 ರೂಪಾಯಿ, ಜಿಎಸ್‌ಟಿ ಬೇರೆ. ಬಳ್ಳಿಯ ತುಂಡನ್ನೂ ಇಡುವುದಾದರೆ ಇನ್ನೂ 22,000. 34 ವಾರದೊಳಗೆ ಸೇರಿದರೆ ರಿಯಾಯಿತಿ, ಕಂತಿನಲ್ಲೂ ಕಟ್ಟಬಹುದಂತೆ. 5,000 ಮುಂಗಡ ಕೊಟ್ಟುಬಿಟ್ಟಿದ್ದೇವೆ. ನಮ್ಮದು ಸಂಬಂಧದಲ್ಲೇ ಆದ ಮದುವೆ. ಗಂಡ ನನ್ನ ಸೋದರತ್ತೆಯ ಮಗ. ಅವರ ಅಕ್ಕನ ಮಗನಿಗೆ ಥಲಸ್ಸೇಮಿಯಾ ಇದೆ, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಾರೆ. ಆ ಹುಡುಗನಿಗೂ ಇದು ಆಗುತ್ತದೆ ಎಂದು ಬ್ಯಾಂಕಿನವರು ಹೇಳಿದ ಮೇಲೆ ಮನೆಯವರೆಲ್ಲ ಮಾಡಿಸಿಬಿಡಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು 68,000 ಅಲ್ಲ, ನಿಮ್ಮ ಗಂಡನ ಅಕ್ಕನ ಮಗನ ಥಲಸ್ಸೇಮಿಯಾ. ಅಲ್ಲಿಂದಲೇ ಶುರು ಮಾಡಬೇಕು, ಏಕೆಂದರೆ ಈ ವಾರವೇ ಆಗಬೇಕಾದ ಕೆಲಸ ಅದು.

ಥಲಸ್ಸೇಮಿಯಾ ಎಂದರೆ ಮೈ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ ವಂಶವಾಹಿ ರಕ್ತದ ಕಾಯಿಲೆ. ಆ ಹುಡುಗನಿಗೆ ಅದರ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಬಂದಿದೆ ಎಂದರೆ ಅವನ ತಾಯಿ, ತಂದೆ ಇಬ್ಬರೂ ವಾಹಕರು, ಅಂದರೆ ಆ ದೋಷದ ಒಂದು ಪ್ರತಿಯನ್ನು ಹೊತ್ತವರು. ಲ್ಯಾಬಿನ ರಿಪೋರ್ಟ್‌ಗಳಲ್ಲಿ ವಾಹಕರಾಗಿರುವುದನ್ನು ಥಲಸ್ಸೇಮಿಯಾ ಮೈನರ್ ಎಂದು ಬರೆಯುತ್ತಾರೆ. ಅಕ್ಕ ವಾಹಕಿ ಎಂದಮೇಲೆ ಅವರ ತಂದೆ-ತಾಯಿಯಲ್ಲಿ ಒಬ್ಬರಾದರೂ ವಾಹಕರು. ಹಾಗಾಗಿ ನಿಮ್ಮ ಗಂಡ ವಾಹಕರಾಗಿರುವ ಸಾಧ್ಯತೆ ನೂರಕ್ಕೆ 50. ಅದು ನಿಮ್ಮ ಅತ್ತೆಯ ಕಡೆಯಿಂದ ಬಂದಿದ್ದರೆ, ಅವರು ನಿಮ್ಮ ತಂದೆಯ ಒಡಹುಟ್ಟಿದವರು; ನಿಮ್ಮ ತಂದೆಯ ಮೂಲಕ ನಿಮಗೂ ಬಂದಿರಬಹುದು. ವಾಹಕರಿಗೆ ಯಾವ ತೊಂದರೆಯೂ ಇರುವುದಿಲ್ಲ, ಹೆಚ್ಚೆಂದರೆ ಸ್ವಲ್ಪ ರಕ್ತ ಕಡಿಮೆ ಎನ್ನುತ್ತಾರೆ. ಆದರೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ನೂರಕ್ಕೆ 25.

ಮಾಡಿಸಬೇಕಾದ ಪರೀಕ್ಷೆಗಳು ಎರಡು: ರಕ್ತಕಣಗಳ ಪೂರ್ತಿ ಎಣಿಕೆಯಾದ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ಎಂಬ ಲ್ಯಾಬ್ ವಿಧಾನದ ಎಚ್‌ಬಿ ಎ2, ಅಂದರೆ ಹಿಮೋಗ್ಲೋಬಿನ್‌ನಲ್ಲಿ ಎ2 ಎಂಬ ಬಗೆ ಎಷ್ಟಿದೆ ಎಂಬ ಲೆಕ್ಕ. ಎರಡಕ್ಕೂ ಸೇರಿ ತೋಳಿನಿಂದ ಎರಡು-ಮೂರು ಮಿಲಿ ರಕ್ತ ಸಾಕು, ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಎಚ್‌ಬಿ ಎ2 ಶೇ 3.5 ಅಥವಾ ಅದಕ್ಕಿಂತ ಹೆಚ್ಚು ಬಂದು, ಸಿಬಿಸಿಯಲ್ಲಿ ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 80ಕ್ಕಿಂತ, ಅದರಲ್ಲಿನ ಹಿಮೋಗ್ಲೋಬಿನ್ ಹೇಳುವ ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ ವಾಹಕರು ಎಂದೇ ತಿಳಿಯುತ್ತಾರೆ. ಇಲ್ಲಿ ಎಡವುವ ಜಾಗ ಒಂದಿದೆ. ಕಬ್ಬಿಣಾಂಶ ತೀರ ಕಡಿಮೆಯಿದ್ದಾಗ ಎಚ್‌ಬಿ ಎ2 ಸ್ವಲ್ಪ ಇಳಿದು, ವಾಹಕರು ಕೂಡ 3.3, 3.4ರಲ್ಲಿ ನಿಂತುಬಿಡುತ್ತಾರೆ, ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರುತ್ತದೆ. ಬಸುರಿಯರಲ್ಲಿ ಇದು ಅಪರೂಪವಲ್ಲ. ಗಡಿಯಲ್ಲಿ ನಿಂತ ಅಂಕೆಯನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ, ನಿಮ್ಮ ಕುಟುಂಬದ ವಿಚಾರ ಹೇಳಿ ಡಿಎನ್‌ಎ ಪರೀಕ್ಷೆ ಕೇಳಿ. ಕಳೆದ ಮೂರು ತಿಂಗಳಲ್ಲಿ ನಿಮ್ಮಿಬ್ಬರಲ್ಲಿ ಯಾರಿಗಾದರೂ ರಕ್ತ ಹಾಕಿದ್ದರೆ ಅದನ್ನೂ ಲ್ಯಾಬಿಗೆ ತಿಳಿಸಿ.

ಒಬ್ಬರದು ಮಾತ್ರ ವಾಹಕ ಎಂದು ಬಂದರೆ ಮಗುವಿಗೆ ಮೇಜರ್ ಬರುವುದಿಲ್ಲ, ಈ ಭಯ ಅಲ್ಲಿಗೆ ಮುಗಿಯಿತು. ಇಬ್ಬರದೂ ಹಾಗೇ ಬಂದರೆ ಜೆನೆಟಿಕ್ಸ್ ವೈದ್ಯರನ್ನು ಕಾಣಿ. ಗರ್ಭದಲ್ಲಿರುವಾಗಲೇ ಮಗುವಿನ ಪರೀಕ್ಷೆ ಮಾಡುವ ಕಾಲ 10ರಿಂದ 18ನೇ ವಾರದ ಆಸುಪಾಸು; ನಿಮಗೆ ಅದು ದಾಟಿದೆ, ಆದರೆ ಮುಂದಿನ ಬಸಿರಿಗೆ ಈ ಮಾಹಿತಿ ಬೇಕೇ ಬೇಕು. ಈ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ, ಕತ್ತರಿಸಿದ ಬಳ್ಳಿಯಿಂದ ಎರಡು-ಮೂರು ಮಿಲಿ ರಕ್ತವನ್ನು ಗರಣೆ ಕಟ್ಟದಂತೆ ಇಡುವ ಇಡಿಟಿಎ ಟ್ಯೂಬಿಗೆ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಬಹುದು. ನವಜಾತ ಶಿಶುವಿಗೆ ಎಚ್‌ಬಿ ಎ2 ಪರೀಕ್ಷೆ ಮಾಡಿಸಿ ಫಲವಿಲ್ಲ: ಆಗ ಮೈಯಲ್ಲಿರುವುದು ಬಹುಪಾಲು ಗರ್ಭಕಾಲದ ಹಿಮೋಗ್ಲೋಬಿನ್ ಆದ ಎಚ್‌ಬಿ ಎಫ್, ವಯಸ್ಕರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮೇಜರ್ ಇರುವ ಮಗುವೂ ಹುಟ್ಟಿದಾಗ ಕೆಂಪಗೆ, ಚೆನ್ನಾಗಿಯೇ ಇರುತ್ತದೆ. ಬಿಳಿಚಿಕೊಳ್ಳುವುದು ಆರು ತಿಂಗಳಿಂದ ಎರಡು ವರ್ಷದ ನಡುವೆ.

ಈಗ ಬ್ಯಾಂಕಿನ ವಿಚಾರ. ಬಳ್ಳಿಯ ರಕ್ತದಲ್ಲಿ ಇರುವುದು ರಕ್ತ ತಯಾರಿಸುವ ಮೂಲಕಣಗಳು, ಅಂದರೆ ಸ್ಟೆಮ್ ಸೆಲ್‌ಗಳು, ಅಸ್ಥಿಮಜ್ಜೆಯಲ್ಲಿ ಇರುವಂಥವೇ. ಅವುಗಳಿಂದ ಮೊದಲ ಕಸಿ ನಡೆದದ್ದು 1988ರಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ಡಾ. ಎಲಿಯಾನ್ ಗ್ಲುಕ್‌ಮನ್ ತಂಡದಿಂದ. ಫ್ಯಾಂಕೋನಿ ಅನೀಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆ ಇದ್ದ ಹುಡುಗನಿಗೆ ಕೊಟ್ಟದ್ದು ಆಗಷ್ಟೇ ಹುಟ್ಟಿದ ತಂಗಿಯ ಬಳ್ಳಿ ರಕ್ತ, ಅವನದೇ ರಕ್ತವಲ್ಲ. ಆಮೇಲೆ ಜಗತ್ತಿನಲ್ಲಿ 40,000ಕ್ಕೂ ಹೆಚ್ಚು ಇಂಥ ಕಸಿಗಳಾಗಿವೆ. ವೈದ್ಯಶಾಸ್ತ್ರದಲ್ಲಿ ಇದು ನಿಜವಾದ ಸಾಧನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬೇರೊಬ್ಬರ ಮಗು ಸಾರ್ವಜನಿಕ ಬ್ಯಾಂಕಿಗೆ ದಾನವಾಗಿ ಕೊಟ್ಟ ರಕ್ತದಿಂದ ಆದವು. ನಿಮಗೆ ಮಾರುತ್ತಿರುವುದು ಬೇರೆ ವಸ್ತು: ನಿಮ್ಮ ಮಗುವಿನ ರಕ್ತವನ್ನು ನಿಮ್ಮ ಮಗುವಿಗೇ ಎತ್ತಿಡುವುದು.

ಅದು ಏಕೆ ಉಪಯೋಗಕ್ಕೆ ಬರುವುದಿಲ್ಲ ಎಂದರೆ, ಥಲಸ್ಸೇಮಿಯಾ, ಸಿಕಲ್ ಸೆಲ್‌ನಂಥ ವಂಶವಾಹಿ ಕಾಯಿಲೆಯಾದರೆ ಅದೇ ದೋಷ ಬಳ್ಳಿ ರಕ್ತದ ಪ್ರತಿ ಕಣದಲ್ಲೂ ಇರುತ್ತದೆ. ಕೆಟ್ಟ ಬೀಜವನ್ನು ಕಿತ್ತು ಅದೇ ಬೀಜವನ್ನು ಬಿತ್ತಿದಂತೆ. ಬ್ಲಡ್ ಕ್ಯಾನ್ಸರ್ ಆದರೂ ಬಾಲ್ಯದ ಲ್ಯುಕೇಮಿಯಾದ ಮೊದಲ ಬದಲಾವಣೆಗಳು ಎಷ್ಟೋ ಮಕ್ಕಳಲ್ಲಿ ಹುಟ್ಟುವಾಗಲೇ ರಕ್ತದಲ್ಲಿ ಇದ್ದದ್ದು ಕಂಡುಬಂದಿದೆ. ಜೊತೆಗೆ ಬೇರೊಬ್ಬರ ಕಣಗಳು ಉಳಿದ ಕ್ಯಾನ್ಸರ್ ಕಣಗಳ ಮೇಲೆ ಬಿದ್ದು ಕೊಲ್ಲುತ್ತವೆ. ತನ್ನವೇ ಕಣಗಳಿಗೆ ಆ ಗುಣವಿಲ್ಲ. 80 ಕಾಯಿಲೆಗಳ ಪಟ್ಟಿ ಹಿಡಿದು ಒಂದೊಂದಾಗಿ ಕೇಳುತ್ತ ಹೋಗಿ: ಇದಕ್ಕೆ ಮಗುವಿನ ಸ್ವಂತ ರಕ್ತ ಆಗುತ್ತದೆಯೇ? ಬಹುಪಾಲಿಗೆ ಉತ್ತರ ಇಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2018ರ ಹೇಳಿಕೆಯಲ್ಲಿ, ಮೊದಲ 20 ವರ್ಷಗಳಲ್ಲಿ ಸ್ವಂತ ಬಳ್ಳಿ ರಕ್ತ ಬೇಕಾಗುವ ಸಾಧ್ಯತೆಯನ್ನು ಶೇ 0.04ರಿಂದ 0.0005 ಎಂದು ಕೊಟ್ಟಿದೆ. ಅಂದರೆ ಹೆಚ್ಚೆಂದರೆ 10,000 ಮಕ್ಕಳಲ್ಲಿ ನಾಲ್ವರು, ಕಡಿಮೆಯೆಂದರೆ 10 ಲಕ್ಷದಲ್ಲಿ ಐವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಕೂಡ ‘ಮುಂದೆ ಬೇಕಾಗಬಹುದು’ ಎಂಬ ಕಾರಣಕ್ಕೆ ಹಣ ಕೊಟ್ಟು ಇಡುವುದನ್ನು ಶಿಫಾರಸು ಮಾಡುವುದಿಲ್ಲ.

ಅಜ್ಜ-ಅಜ್ಜಿಯ ಮಾತನ್ನು ಲೆಕ್ಕದಲ್ಲೇ ನೋಡೋಣ. ಕಸಿಗೆ ರೋಗಿಯ ತೂಕದ ಪ್ರತಿ ಕೆಜಿಗೆ ಕನಿಷ್ಠ 2.5 ಕೋಟಿ ನ್ಯೂಕ್ಲಿಯಸ್ ಇರುವ ಕಣಗಳು ಬೇಕು. 15 ಕೆಜಿಯ ಮಗುವಿಗೆ 37.5 ಕೋಟಿ, 60 ಕೆಜಿಯ ಅಜ್ಜನಿಗೆ 150 ಕೋಟಿ. ಬಳ್ಳಿ ರಕ್ತ ತುಂಬಿಟ್ಟ ಚೀಲದಲ್ಲಿ 50 ಕೋಟಿ ಇದ್ದರೆ ಅದು 20 ಕೆಜಿಯವರೆಗಿನ ಮಗುವಿಗೆ ಸಾಕು, ದೊಡ್ಡವರಿಗೆ ಸಾಲದು. ಅದಕ್ಕೇ ಸಾರ್ವಜನಿಕ ಬ್ಯಾಂಕುಗಳು ಕಣ ಕಡಿಮೆಯಿರುವ ಚೀಲಗಳನ್ನು ಇಟ್ಟುಕೊಳ್ಳುವುದೇ ಇಲ್ಲ. ಖಾಸಗಿ ಬ್ಯಾಂಕಿಗೆ ಹಣ ಕಟ್ಟಿದ್ದೀರಿ, ಅಲ್ಲಿ ಕಡಿಮೆಯಿದ್ದರೂ ಇಡುತ್ತಾರೆ. ಅಜ್ಜನ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಇದರಿಂದ ಚಿಕಿತ್ಸೆಯೇ ಇಲ್ಲ. ಆಟಿಸಂ ಬಗ್ಗೆಯೂ ಹೇಳುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 180 ಮಕ್ಕಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮುಖ್ಯ ಅಳತೆಯಲ್ಲಿ ಫಲ ಕಾಣಲಿಲ್ಲ.

75 ವರ್ಷ ಎಂಬುದಕ್ಕೂ ಆಧಾರವಿಲ್ಲ. ಈ ಕಸಿಯ ವಿದ್ಯೆಯೇ ಶುರುವಾದದ್ದು 1988ರಲ್ಲಿ. ಅತಿ ತಣ್ಣಗೆ ಘನೀಕರಿಸಿ 27 ವರ್ಷ ಇಟ್ಟ ರಕ್ತದ ಕಣಗಳು ಬದುಕಿ ಕೆಲಸ ಮಾಡಿದ್ದು ಪ್ರಯೋಗಾಲಯದಲ್ಲಿ ತೋರಿಸಿ ಆಗಿದೆ. ಅದು ಒಳ್ಳೆಯ ಸುದ್ದಿಯೇ, ಆದರೆ 27 ವರ್ಷ 75 ಆಗುವುದಿಲ್ಲ. ಕಣಕ್ಕಿಂತ ಮೊದಲು ಕೈಕೊಡುವುದು ಕಂಪನಿ, ಇಲ್ಲವೇ ಟ್ಯಾಂಕು. ಈ ಚೀಲಗಳು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ, ಅಥವಾ ಅದರ ಆವಿಯಲ್ಲಿ ಮೈನಸ್ 150ಕ್ಕಿಂತ ತಣ್ಣಗೆ ಇರಬೇಕು. 2023ರ ನವೆಂಬರಿನಲ್ಲಿ ಸಿಂಗಪುರದ ಆರೋಗ್ಯ ಸಚಿವಾಲಯವೇ ಪ್ರಕಟಿಸಿದ ಸಂಗತಿ: ಅಲ್ಲಿನ ಒಂದು ದೊಡ್ಡ ಖಾಸಗಿ ಬ್ಯಾಂಕಿನ 22 ಟ್ಯಾಂಕುಗಳಲ್ಲಿ 7 ಇರಬೇಕಾದ ಮಟ್ಟಕ್ಕಿಂತ ಬೆಚ್ಚಗಾಗಿದ್ದವು, ಅವುಗಳಲ್ಲಿ ಒಂದರಲ್ಲೇ ಸುಮಾರು 2,200 ಕುಟುಂಬಗಳ ರಕ್ತ ಕೆಟ್ಟಿತ್ತು. 2019ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಯೋ-ಸೇವ್ ಮುಚ್ಚಿಹೋದಾಗ ಯುರೋಪಿನ ಲಕ್ಷಾಂತರ ಕುಟುಂಬಗಳ ಚೀಲಗಳು ಪೋಲೆಂಡಿನ ಇನ್ನೊಂದು ಬ್ಯಾಂಕಿಗೆ ಹೋದವು. ಮಗುವಿಗೆ ಕಾಯಿಲೆ ಬಂದಾಗಲೇ ಚೀಲ ತೆಗೆದು ನೋಡುವುದರಿಂದ, ಕೆಟ್ಟಿದ್ದರೂ ಅಲ್ಲಿಯವರೆಗೆ ಯಾರಿಗೂ ತಿಳಿಯುವುದಿಲ್ಲ.

ಬಳ್ಳಿಯ ತುಂಡಿಗೆ 22,000 ಎಂದರಲ್ಲ, ಅದನ್ನಂತೂ ಕೊಡಲೇಬೇಡಿ. 2017ರ ಸ್ಟೆಮ್ ಸೆಲ್ ಸಂಶೋಧನೆಯ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ನಮ್ಮ ದೇಶದಲ್ಲಿ ಬ್ಯಾಂಕಿಂಗ್‌ಗೆ ಅನುಮತಿ ಇರುವುದು ಬಳ್ಳಿಯ ರಕ್ತಕ್ಕೆ ಮಾತ್ರ. ಬಳ್ಳಿಯ ಅಂಗಾಂಶ, ಮಾಸು, ಹಲ್ಲಿನ ತಿರುಳು ಇವುಗಳನ್ನು ಹಣಕ್ಕೆ ಇಡುವುದಕ್ಕೆ ಒಪ್ಪಿಗೆ ಇಲ್ಲ. ಇನ್ನು 2022ರ ಜುಲೈನಿಂದ ಈ ಸೇವೆಗೆ ಇದ್ದ ತೆರಿಗೆ ವಿನಾಯಿತಿ ಹೋಗಿ ಶೇ 18 ಜಿಎಸ್‌ಟಿ ಬಿದ್ದಿತು. ಆ ದರದಲ್ಲಿ 68,000 ನಿಮ್ಮ ಕೈಯಿಂದ ಹೋಗುವಾಗ 80,240 ಆಗಿರುತ್ತದೆ.

ಹಣದ ನಷ್ಟಕ್ಕಿಂತ ನಮಗೆ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಮಗು ಹೊರಬಂದ ಕೂಡಲೇ ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದರೆ ನಾಡಿ ಬಡಿಯುವುದು ತಿಳಿಯುತ್ತದೆ. ನೀಲಿಯಾಗಿ, ದಪ್ಪಗೆ, ಹುರಿಗೊಳಿಸಿದ ಹಗ್ಗದಂತೆ ಬಿಗಿಯಾಗಿರುತ್ತದೆ. ಎರಡು-ಮೂರು ನಿಮಿಷ ಮುಟ್ಟದೆ ಬಿಟ್ಟರೆ ಬಡಿತ ನಿಂತು, ಬೆಳ್ಳಗಾಗಿ, ಮೆತ್ತಗೆ ಜೋತುಬೀಳುತ್ತದೆ. ಬಳ್ಳಿಯಲ್ಲಿ, ಮಾಸಿನಲ್ಲಿ ಇದ್ದ ರಕ್ತ ಮಗುವಿನ ಮೈಗೆ ಸೇರಿರುತ್ತದೆ: ಮೊದಲ ನಿಮಿಷದಲ್ಲೇ ಸುಮಾರು 80 ಮಿಲಿ, ಮೂರು ನಿಮಿಷಕ್ಕೆ ಸುಮಾರು 100 ಮಿಲಿ. 3 ಕೆಜಿಯ ಶಿಶುವಿನ ಇಡೀ ಮೈಯ ರಕ್ತವೇ 240 ಮಿಲಿಯಷ್ಟು. ಅದರ ಪಕ್ಕದಲ್ಲಿ ಈ 80 ಮಿಲಿ ಇಟ್ಟು ನೋಡಿ. ಇದರಲ್ಲಿರುವ ಕಬ್ಬಿಣಾಂಶ ಮಗುವಿಗೆ ಮೊದಲ ಆರು ತಿಂಗಳ ಬುತ್ತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಂಥ ನಾಡಿನಲ್ಲಿ ಹುಟ್ಟುವ ಮಗುವಿನ ಪಾಲಿನ ರಕ್ತವನ್ನು ಬಾರದ ಕಾಯಿಲೆಯ ಹೆಸರಿನಲ್ಲಿ ಚೀಲಕ್ಕೆ ಹರಿಸುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯೂ ಒಂದು ನಿಮಿಷಕ್ಕೆ ಮೊದಲು ಬಳ್ಳಿಗೆ ಕ್ಲಾಂಪ್, ಅಂದರೆ ರಕ್ತ ತಡೆಯುವ ಕ್ಲಿಪ್, ಹಾಕಬೇಡಿ ಎನ್ನುತ್ತದೆ.

“ತಡವಾಗಿ ಕ್ಲಾಂಪ್ ಹಾಕಿದ ಮೇಲೂ ನಾವು ತೆಗೆಯುತ್ತೇವೆ” ಎಂದು ಪ್ರತಿನಿಧಿ ಹೇಳಬಹುದು. ತೆಗೆಯಬಹುದು ನಿಜ, ಆದರೆ ಮಗುವಿಗೆ ಹೋದಷ್ಟೂ ಚೀಲಕ್ಕೆ ಕಡಿಮೆ. ಆಗ ಬರುವ ಚೀಲದಲ್ಲಿ ಕಣಗಳು ಎಷ್ಟೋ ಸಲ ಕಸಿಗೆ ಸಾಲದಷ್ಟು ಇಳಿಯುತ್ತವೆ. ಎರಡೂ ಪೂರ್ತಿ ಸಿಗುವುದಿಲ್ಲ. ನಿಮ್ಮ ಹೆರಿಗೆ ವೈದ್ಯರಿಗೆ ಮುಂದಿನ ತಪಾಸಣೆಯಲ್ಲೇ ಹೇಳಿ, ತಾಯಿ ಕಾರ್ಡಿನ ಮೇಲೂ ಬರೆಸಿ: ಬಳ್ಳಿಗೆ ಒಂದರಿಂದ ಮೂರು ನಿಮಿಷ ಬಿಟ್ಟು ಕ್ಲಾಂಪ್. ಸಿಸೇರಿಯನ್ ಆದರೂ ಇದು ಸಾಧ್ಯ. ಮಗು ಅಳದೆ ಉಸಿರಾಟಕ್ಕೆ ಕೂಡಲೇ ಸಹಾಯ ಬೇಕಾದರೆ, ಮಾಸು ಮೊದಲೇ ಬಿಟ್ಟುಕೊಂಡು ರಕ್ತಸ್ರಾವವಾಗುತ್ತಿದ್ದರೆ ವೈದ್ಯರು ಬೇಗ ಕತ್ತರಿಸುತ್ತಾರೆ. ಅದನ್ನು ಅವರ ತೀರ್ಮಾನಕ್ಕೆ ಬಿಡಿ. ಡಿಎನ್‌ಎ ಪರೀಕ್ಷೆಗೆ ಬೇಕಾದ ಎರಡು-ಮೂರು ಮಿಲಿ ಕತ್ತರಿಸಿದ ಮೇಲೂ ಮಾಸಿನ ಕಡೆಯ ಬಳ್ಳಿಯಲ್ಲಿ ಸಿಗುತ್ತದೆ.

ನಿಮ್ಮ ಗಂಡನ ಅಕ್ಕನ ಮಗನಿಗೆ ಆಗುತ್ತದೆಯೇ? ಕಸಿಗೆ ಎಚ್‌ಎಲ್‌ಎ, ಅಂದರೆ ಕಣಗಳ ಮೇಲಿನ ಗುರುತುಗಳು, ಹೊಂದಬೇಕು. ಒಂದೇ ತಾಯಿ-ತಂದೆಯ ಮಕ್ಕಳಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25. ಸೋದರಮಾವನ ಮಗುವಿಗೆ ಹೊಂದುವುದು ಬಹಳ ಅಪರೂಪ. ಸಂಬಂಧದಲ್ಲೇ ಮದುವೆಗಳಾದ ಮನೆತನಗಳಲ್ಲಿ ಆಗೊಮ್ಮೆ ಈಗೊಮ್ಮೆ ಸಿಗುತ್ತದೆ ಅಷ್ಟೆ. ಒಂದು ವೇಳೆ ಹೊಂದಿದರೂ ಇಂದೇ ಬಳ್ಳಿ ರಕ್ತ ಇಡದಿದ್ದರೆ ಅವಕಾಶ ತಪ್ಪಿತು ಎಂದಲ್ಲ. ನಿಮ್ಮ ಮಗುವಿನ ಅಸ್ಥಿಮಜ್ಜೆ ಎಲ್ಲೂ ಹೋಗುವುದಿಲ್ಲ, ಮಗು ಬೆಳೆದ ಮೇಲೂ ಅದರಿಂದ ತೆಗೆಯಬಹುದು. ಹುಡುಗನಿಗೆ ಈಗ ಬೇಕಿರುವುದು ಕಸಿ ಮಾಡುವ ಆಸ್ಪತ್ರೆಯಲ್ಲಿ ಅವನದೂ, ಒಡಹುಟ್ಟಿದವರಿದ್ದರೆ ಅವರದೂ ಎಚ್‌ಎಲ್‌ಎ ಪರೀಕ್ಷೆ. ಹೊಂದುವ ಒಡಹುಟ್ಟು ಸಿಕ್ಕರೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವಿದೆ. ಪಟ್ಟಿಯಲ್ಲಿ ಬೆಂಗಳೂರಿನ ಆಸ್ಪತ್ರೆಯೂ ಇದೆ. ಮನೆಯ ದೊಡ್ಡವರಿಗೆ ಆ ಹುಡುಗನಂಥ ಮಕ್ಕಳಿಗಾಗಿ ಏನಾದರೂ ಮಾಡಬೇಕೆನಿಸಿದರೆ, ದಾತ್ರಿ, ಡಿಕೆಎಂಎಸ್‌ನಂಥ ದಾನಿಗಳ ನೋಂದಣಿಯಲ್ಲಿ ಹೆಸರು ಬರೆಸಬಹುದು. ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಒರೆಸಿ ಕೊಡುವುದಷ್ಟೇ ಕೆಲಸ.

ಬಳ್ಳಿ ರಕ್ತ ಇಡಲೇಬೇಕಾದ ಸಂದರ್ಭವೂ ಇದೆ. ಮನೆಯಲ್ಲಿ ಆಗಲೇ ಥಲಸ್ಸೇಮಿಯಾ, ಸಿಕಲ್ ಸೆಲ್, ಲ್ಯುಕೇಮಿಯಾ ಇರುವ ಮಗುವಿದ್ದು, ಅದೇ ತಾಯಿ-ತಂದೆಗೆ ಇನ್ನೊಂದು ಮಗು ಹುಟ್ಟುತ್ತಿದ್ದರೆ ಇಡಬೇಕು. ನಿಮ್ಮ ಗಂಡನ ಅಕ್ಕ ಮತ್ತೆ ಬಸುರಿಯಾದರೆ ಈ ಮಾತು ಅವರಿಗೆ. ಅದನ್ನು ಕಸಿ ವೈದ್ಯರ ಸಲಹೆಯ ಮೇಲೆ, 28-30ನೇ ವಾರದೊಳಗೆ ಗೊತ್ತು ಮಾಡಬೇಕು. ಬ್ಯಾಂಕಿಗೆ ಔಷಧ ನಿಯಂತ್ರಣದ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ನೋಡಬೇಕು. ರಕ್ತ ತೆಗೆಯುವವರು ಬಳ್ಳಿಯನ್ನು ಆಂಟಿಸೆಪ್ಟಿಕ್‌ನಿಂದ ಚೆನ್ನಾಗಿ ಒರೆಸಿ, ದಪ್ಪ ಸೂಜಿಯನ್ನು ಅದರ ಅಭಿಧಮನಿಗೆ ಚುಚ್ಚಿ, ಚೀಲವನ್ನು ಕೆಳಗೆ ಇಳಿಬಿಡುತ್ತಾರೆ. ಭಾರಕ್ಕೆ ತಾನೇ ಇಳಿಯುತ್ತದೆ, ಐದು-ಹತ್ತು ನಿಮಿಷದ ಕೆಲಸ. ಒರೆಸುವಾಗ ಅವಸರ ಮಾಡಿದರೆ ಬ್ಯಾಕ್ಟೀರಿಯಾ ಸೇರುತ್ತದೆ. ಚೀಲವನ್ನು ಮೆಲ್ಲಗೆ ಅಲುಗಾಡಿಸುತ್ತಿರದಿದ್ದರೆ ರಕ್ತ ಗರಣೆ ಕಟ್ಟುತ್ತದೆ. ಮನೆಯವರು ಒಳ್ಳೆಯದಾಗಲಿ ಎಂದು ಫ್ರಿಜ್ಜಿನಲ್ಲೋ ಐಸಿನ ಮೇಲೋ ಇಡಬಾರದು, ಕಿಟ್ಟಿನ ಪೆಟ್ಟಿಗೆಯಲ್ಲೇ ಇರಲಿ. 48 ಗಂಟೆಯೊಳಗೆ ಲ್ಯಾಬು ಮುಟ್ಟಿ ಘನೀಕರಿಸುವ ಕೆಲಸ ಶುರುವಾಗುವಂತೆ ಕೊರಿಯರ್ ಮೊದಲೇ ಗೊತ್ತಿರಬೇಕು. ಹಬ್ಬದ ರಜೆಯಲ್ಲಿ ಹೆರಿಗೆಯಾದರೆ ಇಲ್ಲೇ ತಪ್ಪುವುದು. ಆಮೇಲೆ ಬರುವ ವರದಿಯಲ್ಲಿ ನ್ಯೂಕ್ಲಿಯಸ್ ಇರುವ ಒಟ್ಟು ಕಣ, ಸಿಡಿ34 ಗುರುತಿನ ಮೂಲಕಣ, ಜೀವಂತ ಕಣಗಳ ಶೇಕಡಾವಾರು, ಸೋಂಕಿನ ಕಲ್ಚರ್ ಈ ನಾಲ್ಕೂ ಇರಬೇಕು. “ಯಶಸ್ವಿಯಾಗಿ ಸಂಗ್ರಹಿಸಲಾಗಿದೆ” ಎಂಬ ಬಣ್ಣದ ಪ್ರಮಾಣಪತ್ರ ವರದಿಯಲ್ಲ.

ನಿಮ್ಮದು ಚೊಚ್ಚಲ. ನಿಮ್ಮಿಬ್ಬರ ಪರೀಕ್ಷೆ ವಾಹಕ ಎಂದೇ ಬಂದರೂ ಈ ಮಗುವಿನ ರಕ್ತ ಇಡುವುದರಿಂದ ಲಾಭವಿಲ್ಲ. ಈ ಮಗುವಿಗೇ ಕಾಯಿಲೆಯಿದ್ದರೆ ಅದರ ರಕ್ತ ಅದಕ್ಕಾಗದು. ಆರೋಗ್ಯವಾಗಿದ್ದು ಮುಂದಿನ ಮಗುವಿಗೆ ಬೇಕಾದರೆ, ದೊಡ್ಡದು ಆಡಿಕೊಂಡು ಎದುರಿಗೇ ಇರುತ್ತದೆ, ಅದರ ಅಸ್ಥಿಮಜ್ಜೆ ಸಾಕು. ಕೆಲವು ಬ್ಯಾಂಕುಗಳು ‘ಸಮುದಾಯ ಬ್ಯಾಂಕಿಂಗ್’ ಎಂದು ಸದಸ್ಯರೆಲ್ಲರ ಚೀಲಗಳನ್ನು ಒಟ್ಟಾಗಿ ಬಳಸುವ ಯೋಜನೆ ಇಟ್ಟಿವೆ. ಒಂದೇ ಮಗುವಿನ ಚೀಲಕ್ಕಿಂತ ಅದರಲ್ಲಿ ಅರ್ಥವಿದೆ. ಆದರೂ ಥಲಸ್ಸೇಮಿಯಾಗೆ ಹೊರಗಿನವರ ಬಳ್ಳಿ ರಕ್ತ ಹಾಕಿದಾಗ ಕಸಿ ಹಿಡಿಯದೆ ಹೋಗುವುದು ಹೆಚ್ಚು.

ಮುಂಗಡದ 5,000 ಬಗ್ಗೆ. ಇಂದೇ ಇಮೇಲ್ ಮಾಡಿ: ನೋಂದಣಿ ರದ್ದು ಮಾಡುತ್ತಿದ್ದೇವೆ, ಹಣ ಮರಳಿಸಿ ಎಂದು ದಿನಾಂಕ, ರಸೀದಿ ಸಂಖ್ಯೆ ಸಹಿತ ಬರೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕಂತಿಗಾಗಿ ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗಲು ಒಪ್ಪಿಗೆ ಕೊಟ್ಟಿದ್ದರೆ ನಿಮ್ಮ ಬ್ಯಾಂಕಿಗೂ ಬರೆದು ಅದನ್ನು ನಿಲ್ಲಿಸಿ. ಸಾಲದ ಕಂಪನಿಯ ಮೂಲಕ ಕಂತು ಮಾಡಿದ್ದರೆ ಅವರಿಗೂ ಬೇರೆ ಪತ್ರ ಬೇಕು. ಕಿಟ್ ಮನೆಗೆ ಬಂದಿದ್ದರೆ ಸೀಲ್ ಒಡೆಯದೆ ಹಿಂದಿರುಗಿಸಿ, ಪಡೆದುಕೊಂಡವರ ಸಹಿ ತೆಗೆದುಕೊಳ್ಳಿ. ಕರಾರಿನಲ್ಲಿ ರದ್ದತಿಯ ಷರತ್ತು ಓದಿ: ಆಡಳಿತ ಶುಲ್ಕ ಎಂದು ಸ್ವಲ್ಪ ಹಿಡಿಯಬಹುದು, ಆದರೆ ಸೇವೆ ಕೊಡುವ ಮೊದಲೇ ಪೂರ್ತಿ ನುಂಗಿಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಅಲ್ಲೂ ಬಗೆಹರಿಯದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವೇ ಅರ್ಜಿ ಹಾಕಬಹುದು, ವಕೀಲರು ಬೇಕೆಂದೇನೂ ಇಲ್ಲ.